ಮನೆಯಿಲ್ಲದ ಡಾಕ್ಟರನ ಬೆನ್ನು ಹತ್ತಿ ಐದು ದಿನ

ಈ ಪ್ರವಾಸಕ್ಕೆ ಕಾರಣ ಅಕ್ಕನ ಮಗಳ ಹೋಮ್‌ವರ್ಕ್.

ಅಕ್ಕ-ಭಾವ ಇರುವುದು ಆಮ್ಸ್ಟರ್‌ಡ್ಯಾಮ್ ಮಗ್ಗುಲಿನ ಆಮ್ಸ್ಟೆಲ್‌ವೇನ್‌ನಲ್ಲಿ. ಅಲ್ಲಿ ನಮ್ಮ ಕಡೆಯವರು ಎಷ್ಟು ಜಾಸ್ತಿ ಅಂದರೆ ಕರಿಬೇವು ತರೋಕೆ ಬಸ್ಸು ಹತ್ತಬೇಕಾಗಿಲ್ಲ. ಸಾಗರದ ನನ್ನ ಕ್ಲಿನಿಕ್ಕಿಗೆ ಹದಿನೈದು ದಿನ ಬೀಗ ಹಾಕಿ ಏಪ್ರಿಲ್ ಕೊನೆಗೆ ಹೋಗಿದ್ದೆ. ಟುಲಿಪ್ ತೋಟದ ಟಿಕೆಟ್ ತೆಗೆಯಲು ಅಕ್ಕ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಆಗ ಪುಟ್ಟಿ ಒಂದು ಪುಸ್ತಕ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಮಾಮ, ಇವನೂ ನಿನ್ನ ಥರಾನೇ ಡಾಕ್ಟರ್. ಆದ್ರೆ ಹಡಗಿನ ಡಾಕ್ಟರ್. ನಿನಗಾದ್ರೂ ಇವನ ಕಷ್ಟ ಅರ್ಥ ಆಗುತ್ತೇನೋ."

ಅವಳಿಗೆ ಹದಿನೇಳು. ಅಲ್ಲಿ ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿ ಮಕ್ಕಳು ಡಚ್ ಸಾಹಿತ್ಯದ ಇಂತಿಷ್ಟು ಪುಸ್ತಕ ಓದಿ ಪಟ್ಟಿ ಮಾಡಬೇಕು. ಅವಳ ಪಟ್ಟಿಯಲ್ಲಿ ಉಳಿದಿದ್ದು 1932ರಲ್ಲಿ ಬಂದ ಒಂದು ಕಾದಂಬರಿ. ಹೆಸರನ್ನು ಕನ್ನಡಕ್ಕೆ ತಂದರೆ 'ನಿಷೇಧಿತ ರಾಜ್ಯ'. ಬರೆದವನು ಯಾನ್ ಯಾಕೋಬ್ ಸ್ಲೌವರ್‌ಹಾಫ್. ಡಚ್ಚರು ಅವನನ್ನು ಮೊದಲು ಕವಿ ಅನ್ನುತ್ತಾರೆ, ಆಮೇಲೆ ಕಾದಂಬರಿಕಾರ. ಅವನ ಒಂದು ಪದ್ಯದ ಶುರುವಿನ ಸಾಲು ಅಲ್ಲಿ ಓದುಬರಹ ಬಲ್ಲವರಿಗೆಲ್ಲ ಬಾಯಿಪಾಠವಂತೆ. ಪುಟ್ಟಿ ಅದರ ಅರ್ಥ ಹೇಳಿದಳು: ನನ್ನ ಕವಿತೆಗಳಲ್ಲಿ ಮಾತ್ರ ನಾನು ಮನೆ ಮಾಡಬಲ್ಲೆ, ಬೇರೆಲ್ಲೂ ನನಗೆ ಸೂರು ಸಿಗಲಿಲ್ಲ. ಪದ್ಯದ ಹೆಸರೇ 'ಮನೆಯಿಲ್ಲದವನು'.

ಕೇಳಿ ನನಗೆ ಸ್ವಲ್ಪ ರೇಗಿತು. ನಮ್ಮಪ್ಪ ಹುಟ್ಟಿದ ಮನೆ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಗ ಮನೆ ಕಳೆದುಕೊಂಡವರು ಪದ್ಯ ಬರೆಯಲಿಲ್ಲ, ಪರಿಹಾರದ ಅರ್ಜಿ ಬರೆದರು. ಸಂಬಳ ಎಣಿಸುವ ಡಾಕ್ಟರ್ ಒಬ್ಬ ಸೂರು ಸಿಗಲಿಲ್ಲ ಅಂದರೆ?

"ಇವನ ಮನೆ ಎಲ್ಲಿತ್ತು ಅಂತ ನೋಡೇ ಬಿಡೋಣ" ಅಂದೆ. ಪುಟ್ಟಿಗೆ ಮೇ ತಿಂಗಳ ರಜೆ ಬೇರೆ. ಟುಲಿಪ್ ಬಿಟ್ಟು ಇವನ ಹಿಂದೆ ಹೊರಟೆವು ಅಂತ ಅಕ್ಕ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮೊದಲ ದಿನ: ಸಮುದ್ರದ ತಳದ ಮೇಲೆ ರೈಲು

ಅವನು ಹುಟ್ಟಿದ್ದು ದೇಶದ ಉತ್ತರಕ್ಕಿರುವ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಲೇವಾರ್ಡನ್ ಊರಿನಲ್ಲಿ, 1898ರ ಸೆಪ್ಟೆಂಬರ್ 15ರಂದು. ಆಮ್ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಎರಡೂಕಾಲು ಗಂಟೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಿಟಕಿಯಾಚೆ ಸ್ಕೇಲ್ ಇಟ್ಟು ಗೆರೆ ಎಳೆದಂಥ ಹೊಲಗಳು ಶುರುವಾದವು. ಒಂದು ದಿಬ್ಬವಿಲ್ಲ, ಒಂದು ಸೊಟ್ಟ ಕಾಲುವೆಯಿಲ್ಲ. ಇದು ಫ್ಲೇವೋಲ್ಯಾಂಡ್. ಮೊದಲು ಇಲ್ಲಿ ಸಮುದ್ರವಿತ್ತು. ಉತ್ತರದ ಬಾಯಿಗೆ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿ 1932ರಲ್ಲಿ ಸಮುದ್ರವನ್ನು ಕೆರೆ ಮಾಡಿದರು. ಆಮೇಲೆ ಕೆರೆಯ ಭಾಗಗಳನ್ನು ಬತ್ತಿಸಿ ನೆಲ ಮಾಡಿದರು. ಇವನ ಕಾದಂಬರಿ ಬಂದ ವರ್ಷವೇ ಇವನ ಊರಿನ ಪಕ್ಕದ ಸಮುದ್ರ ಬಂದ್ ಆಯಿತು! ವಿದ್ಯಾರ್ಥಿಯಾಗಿದ್ದಾಗ ಅವನು ನೀರು ಕಂಡಿದ್ದ ಕಡೆ ನಾವು ಸೀಟಿನಲ್ಲಿ ಕೂತು ಚಪಾತಿ ತಿನ್ನುತ್ತಿದ್ದೆವು, ಸಮುದ್ರ ಮಟ್ಟಕ್ಕಿಂತ ಮೂರ್ನಾಲ್ಕು ಮೀಟರ್ ಕೆಳಗೆ.

ನಮ್ಮಲ್ಲಿ ಊರಿಗೆ ನೀರು ಬಂತು, ಇಲ್ಲಿ ನೀರಿಗೆ ಊರು ಬಂದಿದೆ.

ಲೇವಾರ್ಡನ್ ಸ್ಟೇಷನ್ನಿನ ಎದುರು ಏಳು ಮೀಟರ್ ಎತ್ತರದ ಎರಡು ಬಿಳಿ ತಲೆಗಳು, ಒಂದು ಹುಡುಗಿ ಒಂದು ಹುಡುಗ, ಕಣ್ಣು ಮುಚ್ಚಿ ಎದುರುಬದುರು ನಿಂತಿವೆ. ಬುಡದಲ್ಲಿ ಮಂಜು ಏಳುತ್ತದೆ. 2018ರಲ್ಲಿ ಈ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾದಾಗ ಮಾಡಿದ ಕಾರಂಜಿ ಅದು. ಊರಿನ ಹೆಸರು ಎರಡು ಭಾಷೆಯಲ್ಲಿತ್ತು. ಡಚ್‌ನಲ್ಲಿ ಲೇವಾರ್ಡನ್, ಫ್ರೀಸಿಯನ್‌ನಲ್ಲಿ ಲ್ಯೌವರ್ಟ್. ಫ್ರೀಸಿಯನ್ ಇಲ್ಲಿಯ ಸ್ವಂತ ಭಾಷೆ, ಸರ್ಕಾರಿ ಮಾನ್ಯತೆಯೂ ಇದೆ. ಬೇಕರಿಯಲ್ಲಿ ಇಬ್ಬರು ಅಜ್ಜಿಯರು ಅದರಲ್ಲೇ ಹರಟುತ್ತಿದ್ದರು. ಡಚ್ಚನ್ನು ನೀರು ಕುಡಿದಂತೆ ಮಾತಾಡುವ ಪುಟ್ಟಿಗೆ ಒಂದಕ್ಷರ ತಿಳಿಯಲಿಲ್ಲ. ನನಗೆ ಸುಮ್ನೆ ಖುಷಿಯಾಯಿತು. ಅಲ್ಲೇ 'ಹೆಬ್ಬೆರಳು' ಅಂತ ಹೆಸರಿರುವ ಬಿಸ್ಕತ್ತು ತಗೊಂಡೆವು. ಸೋಂಪಿನ ವಾಸನೆ, ಗಟ್ಟಿ, ಚಹಾದಲ್ಲಿ ಅದ್ದಿದರೂ ಮುರಿಯಲ್ಲ.

ರಾತ್ರಿ ಮಲಗಿದ್ದು ಜೈಲಿನಲ್ಲಿ. ಬ್ಲಾಕ್‌ಹೌಸ್‌ಪೋರ್ಟ್ ಅಂತ ಹಳೇ ಸೆರೆಮನೆ, 2007ರ ತನಕ ಕೈದಿಗಳಿದ್ದರು. ಈಗ ಅದರ ಒಂದು ಭಾಗದಲ್ಲಿ ಹಾಸ್ಟೆಲ್, ಇನ್ನೊಂದರಲ್ಲಿ ಊರಿನ ಲೈಬ್ರರಿ. ಕಬ್ಬಿಣದ ಬಾಗಿಲು ಹಾಗೇ ಇದೆ. 1944ರ ಡಿಸೆಂಬರ್ 8ರಂದು ನಾಜಿಗಳ ವಿರೋಧಿಗಳು ಒಂದು ಗುಂಡೂ ಹಾರಿಸದೆ ಇಲ್ಲಿಂದ 51 ಕೈದಿಗಳನ್ನು ಬಿಡಿಸಿಕೊಂಡು ಹೋದರಂತೆ. "ಮನೆಯಿಲ್ಲದವನನ್ನು ಹುಡುಕೋಕೆ ಬಂದು ಜೈಲು ಸೇರಿದ್ವಿ" ಅಂತ ಪುಟ್ಟಿ ಅಕ್ಕನಿಗೆ ಫೋಟೊ ಕಳಿಸಿದಳು. ಅಕ್ಕನಿಂದ ಉತ್ತರ ಇಲ್ಲ.

ಎರಡನೇ ದಿನ: ಪರದೆ ಮಾರುವವನ ಮಗ

ಫೋರ್‌ಸ್ಟ್ರೇಕ್ ಅಂದರೆ ಕಾಲುವೆಯ ಎರಡೂ ದಂಡೆಗೆ ಅಂಗಡಿ ಸಾಲು. ಸ್ಲೌವರ್‌ಹಾಫ್ ಕುಟುಂಬದ ಅಂಗಡಿ ಇದ್ದಿದ್ದು ಈ ಬೀದಿಯಲ್ಲಿ. ಅಪ್ಪನದು ಏನು ವ್ಯಾಪಾರ ಗೊತ್ತಾ? ಮನೆ ಒಳಗಿನ ಸಿಂಗಾರದ್ದು. ಗೋಡೆಗೆ ಕಾಗದ ಅಂಟಿಸುವುದು, ಕುರ್ಚಿಗೆ ಬಟ್ಟೆ ಹೊದಿಸುವುದು, ಪರದೆ, ನೆಲದ ಹಾಸು. ಊರವರ ಮನೆಯನ್ನೆಲ್ಲ ಮನೆಯಾಗಿ ಮಾಡುತ್ತಿದ್ದವನ ಮಗ ನನಗೆ ಮನೆಯಿಲ್ಲ ಅಂದ.

ಬೀದಿಯಲ್ಲಿ ಅರ್ಧ ಗಂಟೆ ನಿಂತೆ. ಸೈಕಲ್ಲುಗಳು, ಚೀಸ್ ಅಂಗಡಿ, ಕಾಲುವೆಗೆ ಕಾಲು ಇಳಿಬಿಟ್ಟು ಐಸ್‌ಕ್ರೀಮ್ ತಿನ್ನುವ ಹುಡುಗರು. ಆ ಮೇ ಒಂದೆರಡರಲ್ಲಿ ಬಿಸಿಲು ನಮ್ಮೂರನ್ನು ನೆನಪಿಸುವಷ್ಟಿತ್ತು. ಒಂದು ಮನೆಯ ಕೆಳಗಿನ ಕಿಟಕಿಯಲ್ಲಿ ಒಳಗಿದ್ದವರ ಊಟದ ಮೇಜು, ಹೂದಾನಿ, ನಿದ್ದೆ ಮಾಡುವ ಬೆಕ್ಕು ಎಲ್ಲ ಕಾಣುತ್ತಿತ್ತು. ಅಲ್ಲಿ ತುಂಬ ಮನೆಗಳು ಹಾಗೇ. ಪರದೆ ಎಳೆಯೋದು ಅಪರೂಪ. ನೋಡಬಾರದು ಅಂದುಕೊಂಡೇ ನೋಡಿದೆ.

ಪುಟ್ಟಿಗೆ ಏನೋ ನೆನಪಾಯಿತು. ಜೈಲಿನ ಲೈಬ್ರರಿಯಲ್ಲಿ ಬೆಳಿಗ್ಗೆ ಇವನ ಸಮಗ್ರ ಕವಿತೆ ಸಿಕ್ಕಿತ್ತು, ಫೋನಿನಲ್ಲಿ ಕೆಲವು ಪುಟದ ಫೋಟೊ ತೆಗೆದಿದ್ದಳು. "ಇದು ಕೇಳು ಮಾಮ. ನೆದರ್‌ಲ್ಯಾಂಡ್ಸ್‌ನಲ್ಲಿ ನನಗೆ ಬದುಕೋಕೆ ಇಷ್ಟವಿಲ್ಲ ಅಂತಾನೆ. ಯಾಕೆ ಅಂದ್ರೆ ಇಲ್ಲಿ ಆಸೆಗಳನ್ನೆಲ್ಲ ಕಟ್ಟಿ ಇಡಬೇಕು. ಅಕ್ಕಪಕ್ಕದ ಒಳ್ಳೆಯವರಿಗೋಸ್ಕರ. ಅವರು ಸಿಕ್ಕ ಸಿಕ್ಕ ತೂತಲ್ಲೆಲ್ಲ ಇಣುಕ್ತಾರಂತೆ." ಬೆಕ್ಕಿನ ಮನೆಯ ಕಿಟಕಿಯಿಂದ ನಾನು ಬೇಗ ಕಣ್ಣು ತೆಗೆದೆ. ಮುಂದೆ ಅದೇ ಪದ್ಯದಲ್ಲಿ ಅವನು ಇಲ್ಲಿ ಸಾಯುವುದೂ ಬೇಡ, ಈ ಒದ್ದೆ ಮಣ್ಣಿನಲ್ಲಿ ಕೊಳೆಯುವುದೂ ಬೇಡ ಅನ್ನುತ್ತಾನೆ.

ಮಗುವಾಗಿದ್ದಾಗಿನಿಂದ ಅವನಿಗೆ ಅಸ್ತಮಾ. ಒದ್ದೆ ಮಣ್ಣು, ಒದ್ದೆ ಗಾಳಿ. ನನ್ನ ಕ್ಲಿನಿಕ್ಕಿಗೆ ಮಳೆಗಾಲದಲ್ಲಿ ಬರುವ ಮಕ್ಕಳು ಕಣ್ಣ ಮುಂದೆ ಬಂದರು. ಎದೆಗೂಡು ಮೇಲೆ ಕೆಳಗೆ, ಭುಜ ಎತ್ತಿ ಉಸಿರೆಳೆಯುವುದು. ಉಸಿರೇ ಸಾಲದ ಮಗುವಿಗೆ ಗೋಡೆಕಾಗದ, ಹಾಸುಗಂಬಳಿ, ದಪ್ಪ ಬಟ್ಟೆ ತುಂಬಿದ ಅಂಗಡಿಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ದೂಳೆಲ್ಲ ಅಲ್ಲೇ ಕೂರೋದು. ಇದನ್ನು ಯಾವ ವಿಮರ್ಶಕ ಬರೆದಿದ್ದಾನೋ ಇಲ್ಲವೋ, ಡಾಕ್ಟರ್ ಆಗಿ ನನಗೆ ಹಾಗನ್ನಿಸಿತು.

1898 ಈ ಊರಿಗೆ ಒಳ್ಳೆಯ ವರ್ಷ. ಅದೇ ಜೂನ್‌ನಲ್ಲಿ ಇಲ್ಲೇ ಎಶರ್ ಹುಟ್ಟಿದ, ಏರಿದಷ್ಟೂ ಅಲ್ಲೇ ಇರುವ ಮೆಟ್ಟಿಲುಗಳ ಚಿತ್ರ ಬರೆದನಲ್ಲ, ಅವನು. ಹುಟ್ಟಿದ ಕಟ್ಟಡ ಈಗ ಪಿಂಗಾಣಿಯ ಮ್ಯೂಸಿಯಂ. ಗೂಢಚಾರಿಣಿ ಅಂತ ಹೆಸರಾದ ನರ್ತಕಿ ಮಾತಾ ಹರಿಯೂ ಇದೇ ಊರವಳು, ಹುಟ್ಟಿದ್ದು 1876. ಒಂದು ಪುಟ್ಟ ಸೇತುವೆಯ ಮೇಲೆ ಅವಳ ಕಂಚಿನ ಪ್ರತಿಮೆ ಕುಣಿಯುತ್ತ ನಿಂತಿದೆ. ಮೂವರೂ ಊರು ಬಿಟ್ಟವರೇ. ವಾಲಿ ನಿಂತ ಓಲ್ಡೆಹೋವೆ ಗೋಪುರವನ್ನೂ ನೋಡಿದೆವು. 1529ರಲ್ಲಿ ಕಟ್ಟಲು ಶುರು ಮಾಡಿ, ಕಟ್ಟುತ್ತಿದ್ದಂತೆ ವಾಲಿ, ನಾಲ್ಕು ವರ್ಷಕ್ಕೆ ಕೈಬಿಟ್ಟರಂತೆ. ಹತ್ತಲಿಲ್ಲ, ಮೊಣಕಾಲು ಕೇಳಲಿಲ್ಲ.

ಸಂಜೆ ಬಾಡಿಗೆ ಸೈಕಲ್ ತಗೊಂಡು ಊರಿನ ಪಶ್ಚಿಮಕ್ಕೆ ಹೋದೆವು. ಅಲ್ಲಿ ಅವನ ಹೆಸರಿನ ಒಂದು ಸೇತುವೆ ಇದೆ, 2000ದಲ್ಲಿ ಕಟ್ಟಿದ್ದು. ದೂರದಿಂದ ನೋಡಿದರೆ ಸಾಧಾರಣ ರಸ್ತೆ. ಪಕ್ಕದಲ್ಲಿ ಒಂದು ಎತ್ತರದ ಕಂಬ, ಅದಕ್ಕೊಂದು ತೋಳು. ಇಪ್ಪತ್ತು ನಿಮಿಷ ಕಾದ ಮೇಲೆ ಕಾಲುವೆಯಲ್ಲಿ ಉದ್ದ ಪಟದ ದೋಣಿ ಬಂತು. ಗಂಟೆ ಬಾರಿಸಿತು, ಗೇಟು ಬಿತ್ತು. ಆಮೇಲೆ ನೋಡಿ, ರಸ್ತೆಯ ಒಂದು ತುಂಡು, 15 ಮೀಟರ್ ಉದ್ದ 15 ಮೀಟರ್ ಅಗಲದ ಪೂರಾ ಚೌಕ, ಎರಡೂ ಕಡೆಯಿಂದ ಬಿಡಿಸಿಕೊಂಡು ಮೇಲೆದ್ದಿತು! ಕಾವಲಿಯಿಂದ ದೋಸೆ ಎತ್ತಿದ ಹಾಗೆ. ಡಾಂಬರು, ಬಿಳಿ ಪಟ್ಟೆ, ಸೈಕಲ್ ಹಾದಿಯ ಗುರುತು ಎಲ್ಲ ಸಮೇತ ಆಕಾಶದಲ್ಲಿ ವಾಲಿ ನಿಂತಿತು. ಅಡಿಭಾಗಕ್ಕೆ ಊರ ಬಾವುಟದ ಹಳದಿ, ನೀಲಿ ಬಣ್ಣ. ದೋಣಿಯವನು ಕೈ ಬೀಸಿ ಹೋದ. ಚೌಕ ಮೆಲ್ಲಗೆ ಇಳಿದು ತನ್ನ ಜಾಗದಲ್ಲಿ ಕೂತಿತು. ಕೂತಾಗ ಒಂದು ಸಣ್ಣ 'ಠಕ್' ಸದ್ದು, ಅಷ್ಟೇ. ಅದರ ಮೇಲೆ ಸೈಕಲ್ಲುಗಳು ಏನೂ ಆಗಿಲ್ಲವೆಂಬಂತೆ ಹೊರಟವು.

ಪ್ರತಿಮೆ ಮಾಡಿ ಕಾಗೆ ಕೂರಿಸುವ ಬದಲು ಎರಡು ದಡಕ್ಕೂ ಸೇರದ ರಸ್ತೆಯೊಂದಕ್ಕೆ ಅವನ ಹೆಸರಿಟ್ಟವರು ಯಾರೋ, ಅವರಿಗೆ ಅವನ ಪದ್ಯ ಚೆನ್ನಾಗಿ ಗೊತ್ತಿತ್ತು.

ಮೂರನೇ ದಿನ: ಹಾರ್ಲಿಂಗನ್, ತಪ್ಪು ಟಿಕೆಟ್

ಲೇವಾರ್ಡನ್ ಹೈಸ್ಕೂಲಿಗೆ ಹಾರ್ಲಿಂಗನ್ ಬಂದರಿನಿಂದ ಒಬ್ಬ ಹುಡುಗ ಬಂದು ಸೇರಿದ್ದ. ಹೆಸರು ಸಿಮೋನ್ ವೆಸ್ಟ್‌ಡೈಕ್. ಅವನೂ 1898ರವನೇ. ಇಬ್ಬರೂ ಆಮ್ಸ್ಟರ್‌ಡ್ಯಾಮಿನಲ್ಲಿ ವೈದ್ಯಕೀಯ ಓದಿದರು, ಇಬ್ಬರೂ ಕವಿತೆ ಮತ್ತು ಕಾದಂಬರಿ ಎರಡೂ ಬರೆದರು. ಆದರೆ ಸ್ವಭಾವ ಉತ್ತರ-ದಕ್ಷಿಣ. ವೆಸ್ಟ್‌ಡೈಕ್ ಡಾಕ್ಟರಿಕೆ ಬಿಟ್ಟು ಮನೆಯಲ್ಲಿ ಕೂತು 52 ಕಾದಂಬರಿ ಬರೆದ. ದೇವರು ಓದುವುದಕ್ಕಿಂತ ಬೇಗ ಬರೆಯುತ್ತಾನೆ ಅಂತ ಇನ್ನೊಬ್ಬ ಕವಿ ತಮಾಷೆ ಮಾಡಿದ್ದ. ಸ್ಲೌವರ್‌ಹಾಫ್ ಬದುಕಿದ್ದಾಗ ಎರಡೇ ಕಾದಂಬರಿ ಪುಸ್ತಕವಾಗಿ ಬಂದವು, ಮೂರನೆಯದು ಸತ್ತ ಮೇಲೆ.

ಹಾರ್ಲಿಂಗನ್‌ನಲ್ಲಿ ವೆಸ್ಟ್‌ಡೈಕನ ಕಾದಂಬರಿಗಳ ನಾಯಕ ಆಂಟನ್ ವಾಕ್ಟರ್ ಎಂಬ ಹುಡುಗನ ಪ್ರತಿಮೆ ಇದೆ. ಲೇಖಕನದ್ದಲ್ಲ, ಪಾತ್ರದ್ದು! ಚೆನ್ನಾಗಿದೆ ಅಲ್ವಾ? ಬಂದರಿನಲ್ಲಿ ಕರಿದ ಮೀನಿನ ತುಂಡು ತಿಂದೆವು. ಬಂಗುಡೆಯ ರುಚಿ ಕಂಡ ನಾಲಿಗೆಗೆ ಅದು ಬರೀ ಬಿಸಿ ಹತ್ತಿ. ಬೆಳ್ಳುಳ್ಳಿ ಸಾಸ್ ಮಾನ ಉಳಿಸಿತು.

ವ್ಲೀಲ್ಯಾಂಡ್ ದ್ವೀಪದ ಹಡಗಿನ ಗೇಟಿನಲ್ಲಿ ನನ್ನ ಟಿಕೆಟ್ ಕೆಂಪು ದೀಪ ತೋರಿಸಿತು. ನೋಡಿದರೆ ನಾನು ಮೇ 3ರ ಬದಲು ಜೂನ್ 3ಕ್ಕೆ ಬುಕ್ ಮಾಡಿದ್ದೆ. ಕೌಂಟರಿನ ಹುಡುಗಿ ನಗದೆ ಬದಲಾಯಿಸಿಕೊಟ್ಟಳು. ಪುಟ್ಟಿ ಮಾತ್ರ ದ್ವೀಪ ಬರುವ ತನಕ ನಕ್ಕಳು.

ಒಂದೂವರೆ ಗಂಟೆಯ ದಾರಿ. ಸಿಗಂದೂರು ಲಾಂಚಿನಲ್ಲಿ ಹತ್ತು ನಿಮಿಷ ಹೋಗಿ ಬಂದು ಬೆಳೆದ ನನಗೆ ಹಡಗು ಹೊಸದಲ್ಲ ಅಂದುಕೊಂಡಿದ್ದೆ. ಗಾಳಿ ಎದ್ದಿತು. ಮೀನು ಹೊಟ್ಟೆಯಲ್ಲಿ ಈಜಲು ಶುರುಮಾಡಿತು. ಕಟಕಟೆ ಹಿಡಿದು ದಿಗಂತವನ್ನೇ ನೋಡುತ್ತ ನಿಂತೆ. ನನ್ನ ಗಮನ ಬೇರೆ ಕಡೆ ತಿರುಗಿಸಲು ಪುಟ್ಟಿ ಕಾದಂಬರಿಯ ಕಥೆ ಹೇಳಿದಳು. ತಾನು ಓದಿಲ್ಲ ಅಂದಿದ್ದವಳು ಮುಕ್ಕಾಲು ಓದಿದ್ದಳು.

ಒಂದು ಕಡೆ 16ನೇ ಶತಮಾನದ ಪೋರ್ಚುಗೀಸ್ ಕವಿ ಕಮೋಯಿಶ್, ಊರಿಂದ ಹೊರದಬ್ಬಿಸಿಕೊಂಡು ಚೀನಾದ ಅಂಚಿನ ಮಕಾವ್ ಸೇರಿದವನು. ಇನ್ನೊಂದು ಕಡೆ 20ನೇ ಶತಮಾನದ ಒಬ್ಬ ಐರಿಷ್ ವೈರ್‌ಲೆಸ್ ಆಪರೇಟರ್. ಹಡಗಿನ ಮೂಲೆಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ದೂರದ ಸದ್ದು ಕೇಳುವುದೇ ಕೆಲಸ. ಅವನಿಗೆ ಊರಿಲ್ಲ, ನೆಂಟರಿಲ್ಲ, ತಾನು ಯಾರು ಅಂತಲೇ ಗಟ್ಟಿಯಿಲ್ಲ. ಹಾಗೆ ಖಾಲಿ ಬಿದ್ದ ಮನೆಗೆ ಯಾರೋ ಬಂದು ಸೇರುವಂತೆ ಆ ಹಳೇ ಕವಿ ಮೆಲ್ಲಗೆ ಅವನೊಳಗೆ ಬಂದು ಕೂರುತ್ತಾನೆ. ಇಬ್ಬರ ಕಾಲವೂ ಒಂದರೊಳಗೊಂದು ಕಲಸಿಹೋಗುತ್ತದೆ.

"ನಮ್ಮಲ್ಲಿ ಇದಕ್ಕೆ ಮೈಮೇಲೆ ಬರೋದು ಅಂತಾರೆ" ಅಂದೆ.

"ಇದನ್ನು ಮೇಷ್ಟ್ರಿಗೆ ಹೇಳಬಹುದಾ?"

"ಧಾರಾಳವಾಗಿ."

ಕಮೋಯಿಶ್ ನನಗೆ ಗೊತ್ತಿದ್ದವನೇ. 1553ರಲ್ಲಿ ಗೋವಾಕ್ಕೆ ಬಂದು ವರ್ಷಗಟ್ಟಲೆ ಆ ಕಡೆ ಇದ್ದವನು, ಒಂದು ಕಣ್ಣು ಕಳೆದುಕೊಂಡವನು. ಕಾಲೇಜು ಟೂರಿನಲ್ಲಿ ಕಾರವಾರ ದಾಟಿ ಹಳೇ ಗೋವಾಕ್ಕೆ ಹೋದಾಗ ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಅವನ ದೊಡ್ಡ ಕಂಚಿನ ಪ್ರತಿಮೆ ನೋಡಿದ್ದೆ. ಯಾರೋ ಪೋರ್ಚುಗೀಸ್ ಸಾಹೇಬ ಅಂದುಕೊಂಡು ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದೆವು.

ಸ್ಲೌವರ್‌ಹಾಫ್ 1923ರಲ್ಲಿ ಡಾಕ್ಟರ್ ಆದ. ಅದೇ ವರ್ಷ ಮೊದಲ ಕವನ ಸಂಕಲನ ಬಂತು, ಹೆಸರು 'ದ್ವೀಪಸಮೂಹ'. 1925ರಿಂದ ಎರಡು ವರ್ಷ ಜಾವಾ-ಚೀನಾ-ಜಪಾನ್ ನಡುವೆ ಓಡುವ ಹಡಗುಗಳಲ್ಲಿ ಡಾಕ್ಟರಿಕೆ. ಮಕಾವ್ ಕಂಡಿದ್ದು ಆಗಲೇ. ಚೀನೀ ಕವಿತೆಗಳನ್ನು ತನ್ನದೇ ರೀತಿಯಲ್ಲಿ ಡಚ್ಚಿಗೆ ತಂದ. ಆಮೇಲೆ ದಕ್ಷಿಣ ಅಮೆರಿಕದ ಹಡಗು. ನಡುನಡುವೆ ನೆಲದ ಮೇಲೆ ನಿಲ್ಲಲೂ ನೋಡಿದ. ಉಟ್ರೆಕ್ಟ್‌ನ ಚರ್ಮರೋಗದ ಆಸ್ಪತ್ರೆಯಲ್ಲಿ ಸಹಾಯಕನಾದ, 1934ರಲ್ಲಿ ಮೊರಾಕೊದ ಟಾಂಜಿಯರ್‌ನಲ್ಲಿ ಕ್ಲಿನಿಕ್ ತೆರೆದ. ಯಾವುದೂ ನಿಲ್ಲಲಿಲ್ಲ. ಅವನ ಕೈಬರಹ ಕುಖ್ಯಾತ, ಓದಲು ಸಂಪಾದಕರು ಒದ್ದಾಡಿದ್ದಾರೆ. ಅದೊಂದು ವಿಷಯದಲ್ಲಿ ಮಾತ್ರ ಅವನು ಅಪ್ಪಟ ಡಾಕ್ಟರ್.

ಪುಟ್ಟಿ ಒಂದು ಇಯರ್‌ಫೋನ್ ನನ್ನ ಕಿವಿಗಿಟ್ಟಳು. ಕ್ರಿಸ್ಟಿನಾ ಬ್ರಾಂಕೊ ಎಂಬ ಪೋರ್ಚುಗೀಸ್ ಗಾಯಕಿ ಇವನ ಕವಿತೆಗಳನ್ನು ಪೋರ್ಚುಗೀಸಿನಲ್ಲಿ ಹಾಡಿದ್ದಾಳೆ. ಅವರ ಫಾದು ಹಾಡೆಂದರೆ ಇವನಿಗೆ ಪ್ರಾಣ, ಫಾದು ಅಂತಲೇ ಪದ್ಯ ಬರೆದವನು. ಮಾತು ತಿಳಿಯಲಿಲ್ಲ. ಎಳೆದೆಳೆದು ಹಾಡುವ ಆ ದನಿಗೆ ಹೊಟ್ಟೆ ತೊಳಸುವುದು ನಿಂತಿತು, ಅಥವಾ ದ್ವೀಪ ಹತ್ತಿರ ಬಂದಿದ್ದಕ್ಕೋ.

ನಾಲ್ಕನೇ ದಿನ: ಮುಳುಗಿದ ಊರು

ವ್ಲೀಲ್ಯಾಂಡ್ ಅವನ ತಾಯಿಯ ಕಡೆಯವರ ದ್ವೀಪ. ಅಸ್ತಮಾದ ಹುಡುಗನನ್ನು ಬೇಸಿಗೆ ಬಂತೆಂದರೆ ಇಲ್ಲಿಗೆ ಕಳಿಸುತ್ತಿದ್ದರು. ಪ್ರವಾಸಿಗರ ಕಾರು ಇಲ್ಲಿಗೆ ಬರುವಂತಿಲ್ಲ. ಇರುವುದು ಒಂದೇ ಊರು, ಅದಕ್ಕೊಂದೇ ಮುಖ್ಯ ಬೀದಿ, ಎರಡೂ ಕಡೆ ಮರ. ಮರಳ ದಿಬ್ಬದ ಮೇಲೆ ಕುಳ್ಳ ಕೆಂಪು ದೀಪಸ್ತಂಭ. ಬೆಳಿಗ್ಗೆ ಬಾಗಿಲು ತೆಗೆದಾಗ ಗಾಳಿ ಎದೆಯೊಳಗೆ ತಾನಾಗೇ ನುಗ್ಗಿತು. ಉಪ್ಪು, ಪೈನ್ ಮರದ ಅಂಟು, ಬೇರೆ ಏನೂ ಇಲ್ಲ. ಈ ಹುಡುಗನಿಗೆ ಉಸಿರು ಸರಾಗ ಆಗಿದ್ದು ನೀರಿನ ಮಧ್ಯೆ ಅಂತ ಅರ್ಥವಾಗಲು ಸ್ಟೆತಸ್ಕೋಪ್ ಬೇಕಾಗಿಲ್ಲ.

ದ್ವೀಪದ ಪಶ್ಚಿಮದ ತುದಿ ದೊಡ್ಡ ಮರಳುಗಾಡು. ಅಲ್ಲಿ ಮಿಲಿಟರಿಯವರ ಗುಂಡಿನ ಅಭ್ಯಾಸ ನಡೆಯುತ್ತದೆ. ಅವತ್ತು ಭಾನುವಾರ, ಸದ್ದಿಲ್ಲ. ಪ್ರವಾಸಿಗರನ್ನು ಹೊತ್ತೊಯ್ಯುವ ಎತ್ತರದ ಲಾರಿ ಹತ್ತಿದೆವು. ಕಣ್ಣು ಹಾಯುವಷ್ಟು ದೂರ ಬಿಳಿ ಮರಳು, ಮೇಲೆ ಒದ್ದೆಯ ಹೊಳಪು. ಅದರ ನಡುವೆ ಮರದ ಕಾಲುಗಳ ಮೇಲೆ ಒಂಟಿ ಗುಡಿಸಲು. ಹಡಗು ಒಡೆದು ಈಜಿ ಬಂದವರಿಗೆ ಉಳಿದುಕೊಳ್ಳಲು ಮಾಡಿದ್ದು. ಒಳಗೆ ದಡಕ್ಕೆ ತೇಲಿಬಂದ ಸಾಮಾನು ತುಂಬಿಸಿದ್ದಾರೆ. ಹಗ್ಗ, ಬಾಟಲಿ, ಒಂಟಿ ಬೂಟು, ಯಾವುದೋ ಹಡಗಿನ ಹೆಸರಿನ ಹಲಗೆ, ಮಗುವಿನ ಪ್ಲಾಸ್ಟಿಕ್ ಸಲಿಕೆ. ಈಗ ಇಲ್ಲಿ ಮದುವೆಯೂ ಮಾಡುತ್ತಾರಂತೆ.

ಈ ಕಡೆ ಮೊದಲು ಪಶ್ಚಿಮ ವ್ಲೀಲ್ಯಾಂಡ್ ಅಂತ ಇನ್ನೊಂದು ಊರಿತ್ತು. ಸಮುದ್ರ ಕೊರೆದು ಕೊರೆದು 18ನೇ ಶತಮಾನದಲ್ಲಿ ಪೂರ್ತಿ ನುಂಗಿತು. ಲಾರಿಯ ಡ್ರೈವರ್ ನೀರಿನ ಕಡೆ ಕೈ ತೋರಿಸಿ ಅಲ್ಲೆಲ್ಲೋ ಅಂದ.

ಮರಳಲ್ಲಿ ಕೂತು ಪುಟ್ಟಿಗೆ ಅಜ್ಜನ ಮನೆಯ ಕಥೆ ಹೇಳಿದೆ. ಅವಳಿಗೆ ಗೊತ್ತೇ ಇರಲಿಲ್ಲ. ಅಕ್ಕ ಹೇಳಿಲ್ಲ. ನಾವಿಬ್ಬರೂ ಹುಟ್ಟಿದ್ದು ಮುಳುಗಡೆ ಆದಮೇಲೆ ಕಟ್ಟಿದ ಹೊಸ ಮನೆಯಲ್ಲಿ. ಮಳೆ ಕೈಕೊಟ್ಟ ವರ್ಷ ಹಿನ್ನೀರು ತುಂಬ ಇಳಿಯುತ್ತದೆ. ಮೊದಲು ಮಡೆನೂರಿನ ಹಳೇ ಅಣೆಕಟ್ಟು ತಲೆ ಎತ್ತುತ್ತದೆ, ಆಮೇಲೆ ಬೋಳು ಮರದ ಬುಡಗಳು. ಅಂಥ ವರ್ಷ ಅಪ್ಪ ಒಬ್ಬನೇ ಬುತ್ತಿ ಕಟ್ಟಿಕೊಂಡು ಹೋಗಿಬಿಡುತ್ತಿದ್ದ. ಸಂಜೆ ಬಂದವನ ಪಂಚೆಗೆಲ್ಲ ಒಣ ಕೆಸರು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದ. ಕೆಂಪು ಕಲ್ಲಿನ ಅಡಿಪಾಯದ ಎರಡು ಸಾಲು, ಒಂದು ರುಬ್ಬುಗುಂಡಿನ ಕುಳಿ. ಅಪ್ಪ ಹೊಸ್ತಿಲು ಇದ್ದ ಕಡೆಯಿಂದಲೇ ಒಳಗೆ ಹೋದ. ಗೋಡೆಯಿಲ್ಲ, ಎಲ್ಲಿಂದ ಹೋದರೂ ನಡೆಯುತ್ತಿತ್ತು.

"ಮಾಮ, ಅಜ್ಜಂಗೆ ಹೊಸ ಮನೆ ಇತ್ತಲ್ವಾ?" ಅಂದಳು ಪುಟ್ಟಿ.

"ಇತ್ತು. ಮಂಗಳೂರು ಹೆಂಚಿನದು."

"ಮತ್ತೆ ಯಾಕೆ ಹೋಗ್ತಿದ್ದ?"

ಇವನ ಪದ್ಯದ ಮೇಲೆ ನಾನು ಐದು ದಿನಕ್ಕಾಗುವಷ್ಟು ಸಿಟ್ಟು ಕಟ್ಟಿಕೊಂಡು ಬಂದಿದ್ದೆ. ಮೇಲೆ ಸೂರಿದ್ದವನು ಮನೆಯಿಲ್ಲ ಅನ್ನಬಾರದು ಅನ್ನೋದು ನನ್ನ ವಾದ. ಹುಡುಗಿ ನನ್ನ ಅಪ್ಪನನ್ನೇ ಸಾಕ್ಷಿಗೆ ಕರೆದಳು. ಲಾರಿ ಹಾರ್ನ್ ಹಾಕಿತು. ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡೆ.

ಅವತ್ತು ಮೇ 4. ರಾತ್ರಿ ಎಂಟಕ್ಕೆ ದೇಶವೆಲ್ಲ ಎರಡು ನಿಮಿಷ ಮೌನ, ಯುದ್ಧದಲ್ಲಿ ಸತ್ತವರಿಗಾಗಿ. ಇನ್ನೂ ಬೆಳಕಿತ್ತು. ಊರ ಬೀದಿಯಲ್ಲಿ ಜನ ಸೈಕಲ್ ಹಿಡಿದೇ ನಿಂತರು. ಒಬ್ಬ ಹುಡುಗನ ಕೈಯಲ್ಲಿದ್ದ ಐಸ್‌ಕ್ರೀಮ್ ಕರಗಿ ಮೊಣಕೈ ತನಕ ಇಳಿಯಿತು, ಅವನು ನೆಕ್ಕಲಿಲ್ಲ. ಬರೀ ಸಮುದ್ರದ ಸದ್ದು. ವೆಸ್ಟ್‌ಡೈಕನನ್ನೂ ಜರ್ಮನರು 1942ರಲ್ಲಿ ಒತ್ತೆಯಾಳಾಗಿ ಹಿಡಿದಿಟ್ಟಿದ್ದರು. ಅಷ್ಟರಲ್ಲಿ ಅವನ ಗೆಳೆಯ ತೀರಿಕೊಂಡು ಆರು ವರ್ಷವಾಗಿತ್ತು.

ಐದನೇ ದಿನ: ಹಿಲ್ವರ್ಸಮ್

ಬೆಳಗಿನ ಹಡಗು, ಮೂರು ರೈಲು. ಮಧ್ಯಾಹ್ನಕ್ಕೆ ಹಿಲ್ವರ್ಸಮ್. ಡಚ್ಚರ ರೇಡಿಯೊ ಊರು ಇದು. ಹಳೇ ವಾಲ್ವ್ ರೇಡಿಯೊಗಳ ಗಾಜಿನ ಫಲಕದಲ್ಲಿ ಲಂಡನ್, ಪ್ಯಾರಿಸ್ ಜೊತೆ ಈ ಹೆಸರೂ ಇರುತ್ತಿತ್ತು. ಸಮುದ್ರದಿಂದ ದೂರ, ಸುತ್ತ ಕಾಡು ಮತ್ತು ಕುರುಚಲು ಬಯಲು. ವೈರ್‌ಲೆಸ್ ಆಪರೇಟರನ ಕಥೆ ಬರೆದವನು ಸತ್ತಿದ್ದು ರೇಡಿಯೊ ಊರಿನಲ್ಲಿ, ಒಂದು ಶುಶ್ರೂಷಾ ಮನೆಯ ಹಾಸಿಗೆಯ ಮೇಲೆ. 1936ರ ಅಕ್ಟೋಬರ್ 5. ಮೂವತ್ತೆಂಟು ತುಂಬಿ ಇಪ್ಪತ್ತೇ ದಿನವಾಗಿತ್ತು. ಕ್ಷಯ, ಅದರ ಮೇಲೆ ಆಫ್ರಿಕಾದ ಹಡಗಿನಲ್ಲಿ ಅಂಟಿದ ಮಲೇರಿಯಾ. ಅದೇ ವರ್ಷ ಬಂದ ಅವನ ಕೊನೆಯ ಸಂಕಲನದ ಹೆಸರು 'ನಾವಿಕನಿಗೆ ತಕ್ಕ ಸಮಾಧಿ'. ಇಲ್ಲಿ ಸಾಯುವುದು ಬೇಡ ಅಂದ ಪದ್ಯ ಇರುವುದೂ ಅದರಲ್ಲೇ.

ಅವತ್ತು ವಿಮೋಚನೆಯ ದಿನ, ಅದೂ 80ನೇ ವರ್ಷದ್ದು. ಎಲ್ಲೆಲ್ಲೂ ಬಾವುಟ. 1931ರ ಟೌನ್ ಹಾಲನ್ನು, ಹಳದಿ ಇಟ್ಟಿಗೆಯ ಚೌಕಗಳನ್ನು ಜೋಡಿಸಿಟ್ಟಂಥ ವಾಸ್ತುಶಿಲ್ಪಿ ಡ್ಯೂಡೊಕ್‌ನ ಕಟ್ಟಡವನ್ನು, ಹೊರಗಿನಿಂದ ನೋಡಿದೆವು. ನನಗೆ ನಿಜವಾಗಿ ಬೇಕಾಗಿದ್ದು ಊರಾಚೆಯ ಕಾಡಿನಲ್ಲಿತ್ತು. ಝೊನ್ನೆಸ್ಟ್ರಾಲ್, ಅಂದರೆ 'ಸೂರ್ಯಕಿರಣ'. ಆಮ್ಸ್ಟರ್‌ಡ್ಯಾಮಿನ ವಜ್ರ ಕೆಲಸಗಾರರ ಸಂಘ ತಮ್ಮ ಕ್ಷಯ ರೋಗಿಗಳಿಗೆ 1928ರಲ್ಲಿ ತೆರೆದ ಆಸ್ಪತ್ರೆ. ನಮ್ಮ ಕವಿ ಇಲ್ಲಿರಲಿಲ್ಲ. ಆದರೆ ಅವನ ಕಾಲದ ಡಾಕ್ಟರ್‌ಗಳ ಕೈಯಲ್ಲಿ ಏನಿತ್ತು ಅಂತ ಇಲ್ಲಿ ಕಾಣುತ್ತದೆ. ಬಿಳಿ ಕಾಂಕ್ರೀಟು, ಗೋಡೆಯ ಬದಲು ಗಾಜು, ಮಂಚ ಹೊರಗೆ ತರಲು ಅಗಲ ಜಗಲಿ. ಬಿಸಿಲು ಮತ್ತು ಗಾಳಿ, ಇವೆರಡೇ ಔಷಧಿ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಇವನು ಸತ್ತು ಏಳು ವರ್ಷಕ್ಕೆ. ನಾನು ಈಗ ಕ್ಷಯದವರಿಗೆ ಆರು ತಿಂಗಳ ಮಾತ್ರೆ ಬರೆದು, ನಡುವೆ ಬಿಟ್ಟರೆ ಬೈದು ಕಳಿಸುತ್ತೇನೆ. ಇವನು ಡಾಕ್ಟರ್ ಆಗಿದ್ದಕ್ಕೆ ತನಗೇನಾಗುತ್ತಿದೆ ಅಂತ ಚೆನ್ನಾಗಿ ಗೊತ್ತಿತ್ತು, ಅಷ್ಟೇ ಲಾಭ.

ಜಗಲಿಯ ಕಟ್ಟೆಯಲ್ಲಿ ಕೂತು ಪುಟ್ಟಿ ಕೊನೆಯ ಟಿಪ್ಪಣಿ ಬರೆದುಕೊಂಡಳು. ಮದುವೆ 1930, ಹೆಂಡತಿ ಡಾರ್ಯಾ ಕೊಲಿನ್, ನೃತ್ಯಗಾತಿ. 1932ರಲ್ಲಿ ಮಗ ಹುಟ್ಟುವಾಗಲೇ ತೀರಿಕೊಂಡ. 1935ರಲ್ಲಿ ವಿಚ್ಛೇದನ. ಮೂರು ಸಾಲಿನಲ್ಲಿ ಮುಗಿಸಿದಳು. ನಾನೂ ಅದರ ಮೇಲೆ ಏನೂ ಕೇಳಲಿಲ್ಲ.

ರಾತ್ರಿ ಎಂಟೂವರೆಗೆ ಆಮ್ಸ್ಟೆಲ್‌ವೇನ್. ಅಕ್ಕನ ಸಿಟ್ಟು ಇಳಿದಿತ್ತು. ಸಾರು, ಹಪ್ಪಳ. ನಾವು ಕೈ ತೊಳೆದು ಕೂರುವಷ್ಟರಲ್ಲಿ ಕತ್ತಲಾಗುತ್ತ ಬಂತು. ಭಾವ ಲೈಟ್ ಹಾಕಿದರು. ಅಕ್ಕ ಸೌಟು ಹಿಡಿದೇ ಕಿಟಕಿ ಕಡೆ ಓಡಿದಳು.

"ಲೈಟ್ ಹಾಕಿದ ಮೇಲೆ ಪರದೆ ಎಳೀಬಾರ್ದಾ? ನಾವೇನು ತಿಂತಿದ್ದೀವಿ ಅಂತ ಎದುರು ಮನೆಯವರಿಗೆ ಪೂರ್ತಿ ಕಾಣುತ್ತೆ."

ಪುಟ್ಟಿ ನನ್ನ ಮುಖ ನೋಡಿದಳು. ಬಾಯಲ್ಲಿ ಹಪ್ಪಳ ಇದ್ದಿದ್ದರಿಂದ ನಗಲಾರದೆ ಕೆಮ್ಮಿದಳು.

"ಏನೇ ಅದು?"

"ಏನಿಲ್ಲಮ್ಮ. ಎಳಿ, ಎಳಿ."